ಸಡ್‌ಬರಿಯ ಎಡ್ಮಂಡ್ ರೈಸ್: ಇಂಗ್ಲೆಂಡಿನಲ್ಲಿ ಅವನ ಅಪ್ಪ ಯಾರು? ವಂಶವೃಕ್ಷಗಳನ್ನ ಎಷ್ಟು ನಂಬಬಹುದು?

ಕಡತಪ್ರಿಯ
ವಂಶಾವಳಿ ಕೆಲಸದಲ್ಲಿ ಪಳಗಿದವರು ಇಲ್ಲಿದ್ದೀರಿ ಅಂತ ಕೇಳ್ತಿದ್ದೀನಿ. ಎಡ್ಮಂಡ್ ರೈಸ್ ಅಂತ ಒಬ್ಬ ಪ್ಯೂರಿಟನ್ (ಇಂಗ್ಲೆಂಡಿನ ಚರ್ಚನ್ನ ಶುದ್ಧ ಮಾಡಬೇಕು ಅಂದ ಪಂಥದವನು). 1638ರ ಸುಮಾರಿಗೆ ಹೆಂಡತಿ ಮಕ್ಕಳ ಸಮೇತ ಇಂಗ್ಲೆಂಡ್ ಬಿಟ್ಟು ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋದ. ಸಡ್‌ಬರಿ ಅನ್ನೋ ಊರು ಕಟ್ಟಿದವರಲ್ಲಿ ಒಬ್ಬ. 1663ರ ಮೇ 3ಕ್ಕೆ ಅಲ್ಲೇ ತೀರಿಕೊಂಡ. ಇಲ್ಲಿವರೆಗೆ ಯಾರದೂ ತಕರಾರಿಲ್ಲ.

ತಕರಾರು ಇರೋದು ಅದರ ಹಿಂದಿನದಕ್ಕೆ. ಅಂತರ್ಜಾಲದ ಕೆಲವು ವಂಶವೃಕ್ಷಗಳಲ್ಲಿ ಅಪ್ಪ ಹೆನ್ರಿ ರೈಸ್, ಇನ್ನು ಕೆಲವಲ್ಲಿ ಥಾಮಸ್ ರೈಸ್. ಮೇಲೆ ಹೋಗ್ತಾ ಹೋಗ್ತಾ ವೇಲ್ಸ್‌ನ ಸರ್ ರೀಸ್ ಆಪ್ ಥಾಮಸ್, ಅಲ್ಲಿಂದಾಚೆಗೆ ರಾಜಮನೆತನ. ಮೂರು ಪ್ರಶ್ನೆ ಇವೆ. ಅಪ್ಪ ಯಾರು? ಯಾವ ಹಡಗಲ್ಲಿ ಬಂದ? 1840ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿದ್ದ ಒಬ್ಬ ರೈಸ್‌ನನ್ನ ಇವನಿಗೆ ಜೋಡಿಸೋದಾದರೆ ಎಲ್ಲಿಂದ ಶುರು ಮಾಡಬೇಕು?

ಷರಾ
ಮೊದಲನೇದಕ್ಕೆ ಉತ್ತರ: ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅಪ್ಪ ಅಮ್ಮನ ಹೆಸರು ಹೇಳೋ ಒಂದೇ ಒಂದು ಸಮಕಾಲೀನ ದಾಖಲೆ ಇವತ್ತಿನವರೆಗೆ ಸಿಕ್ಕಿಲ್ಲ. ರಾಜವಂಶದ ಕೊಂಡಿ ಹುಟ್ಟಿದ್ದು 20ನೇ ಶತಮಾನದ ಆರಂಭದ ಅಚ್ಚಿನ ಪುಸ್ತಕದಿಂದ. 1930ರ ದಶಕದಲ್ಲೇ 'ದಿ ಅಮೆರಿಕನ್ ಜೀನಿಯಲಜಿಸ್ಟ್' ಪತ್ರಿಕೆಯಲ್ಲಿ ಅದನ್ನ ಅಲ್ಲಗಳೆದು ಬರೆದಾಗಿದೆ. ಆದರೂ ಒಬ್ಬರ ಮರದಿಂದ ಇನ್ನೊಬ್ಬರ ಮರಕ್ಕೆ ನಕಲಾಗ್ತಾನೇ ಇದೆ.

ಬೆಳವಲ
ಹೆನ್ರಿ ರೈಸನ ಕಥಿ ಹೇಳಿಬಿಡ್ತೇನಿ, ಯಾಕಂದ್ರ ತಪ್ಪು ಹೆಂಗ ಹುಟ್ತದ ಅನ್ನೂದು ಇದರಾಗ ಚಂದ ಕಾಣ್ತದ.

ಎಡ್ಮಂಡ್ 1618ರ ಅಕ್ಟೋಬರ್ 15ಕ್ಕ ಬರಿ ಸೇಂಟ್ ಎಡ್ಮಂಡ್ಸ್ ಊರಾಗ ಥಾಮಸಿನ್ ಫ್ರಾಸ್ಟ್ ಅನ್ನೂ ಹುಡುಗೀನ ಲಗ್ನ ಆದ. ಅಕೀ ತವರು ಸಫೊಕ್ ಸೀಮಿ ಸ್ಟ್ಯಾನ್‌ಸ್ಟೆಡ್. ಅದಕ್ಕೂ ಮೊದಲು, 1605ರಾಗ, ಅದೇ ಸ್ಟ್ಯಾನ್‌ಸ್ಟೆಡ್‌ನಾಗ ಹೆನ್ರಿ ರೈಸ್ ಅನ್ನಾಂವ ಥಾಮಸಿನ್‌ಳ ಅಕ್ಕ ಎಲಿಜಬೆತ್ ಫ್ರಾಸ್ಟ್‌ನ ಲಗ್ನ ಆಗಿದ್ದ. ಅಂದ್ರ ದಾಖಲೆ ಪ್ರಕಾರ ಹೆನ್ರಿ ಎಡ್ಮಂಡ್‌ಗ ಷಡ್ಡಕ. ಅಡ್ಡಹೆಸರು ಒಂದ ಇರೂದ್ರಿಂದ ಅಣ್ಣನೂ ಇರಬಹುದು, ಆದ್ರ ಅದು ಊಹೆ. ಎಡ್ಮಂಡ್ ಹುಟ್ಟಿದ್ದು 1594ರ ಸುಮಾರು. ಹನ್ನೊಂದು ವರ್ಷ ತಡಾ ಆಗಿ ಲಗ್ನ ಆದಾಂವ ಅಪ್ಪ ಹೆಂಗ ಆಗ್ತಾನ್ರಿ? ಊರು ಒಂದ, ಅಡ್ಡಹೆಸರು ಒಂದ, ವಯಸ್ಸಿನಾಗ ಹಿರ್ಯಾ, ಅಷ್ಟಕ್ಕ ಯಾರೋ ಮ್ಯಾಲಿನ ಖಾಲಿ ಚೌಕದಾಗ ಕೂಡ್ಸಿಬಿಟ್ಟಾರ.

ಕಡತಪ್ರಿಯ
ಷಡ್ಡಕನನ್ನ ಅಪ್ಪ ಮಾಡಿದ್ದಾರೆ ಅಂದಂಗಾಯ್ತು! 1594 ಅನ್ನೋದಕ್ಕೆ ಆಧಾರ ಏನು? ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ದಾಖಲೆ ಇದೆಯಾ?

ಷರಾ
ಇಲ್ಲ. 1656ರ ಏಪ್ರಿಲ್ 3ರಂದು ಕೋರ್ಟಲ್ಲಿ ಸಾಕ್ಷಿ ಹೇಳುವಾಗ ತನಗೆ ಸುಮಾರು 62 ವರ್ಷ ಅಂದಿದ್ದಾನೆ. ಅದನ್ನ ಕಳೆದಾಗ ಬರೋದು 1594. ಈ ಸಾಕ್ಷಿ ಹೇಳಿಕೆಗಳು ತುಂಬಾ ಉಪಯೋಗದ ದಾಖಲೆ, ಆದರೆ 'ಸುಮಾರು' ಅನ್ನೋ ಪದವನ್ನ ಬಿಡೋ ಹಾಗಿಲ್ಲ. 40, 50, 60 ಅಂತ ದುಂಡು ಸಂಖ್ಯೆ ಹೇಳಿದ್ದರೆ ನಾಲ್ಕೈದು ವರ್ಷ ಹಿಂದೆ ಮುಂದೆ ಇಟ್ಟುಕೊಳ್ಳಿ. 62 ಅಂತ ಬಿಡಿ ಸಂಖ್ಯೆ ಹೇಳಿರೋದರಿಂದ ಸ್ವಲ್ಪ ಹೆಚ್ಚು ನಂಬಬಹುದು. ವಂಶವೃಕ್ಷಗಳಲ್ಲಿ ಕಾಣೋ ಹುಟ್ಟಿದ ದಿನ, ತಿಂಗಳು ಎಲ್ಲ ಆಮೇಲಿನ ಸೇರ್ಪಡೆ.

ನಕ್ಷೆಗಾರ
ಊರುಗಳ ಬಗ್ಗೆ ಎಚ್ಚರ. ಈ ಕೇಸಲ್ಲಿ ಹೆಸರುಗಳು ಬಲೆ ಹಾಕಿ ಕೂತಿವೆ.

ಸ್ಟ್ಯಾನ್‌ಸ್ಟೆಡ್ ಅಂದರೆ ಸಫೊಕ್‌ನ ಸಣ್ಣ ಹಳ್ಳಿ. ಎಸೆಕ್ಸ್‌ನಲ್ಲಿ ವಿಮಾನ ನಿಲ್ದಾಣ ಇರೋ ಸ್ಟ್ಯಾನ್‌ಸ್ಟೆಡ್ ಅಲ್ಲ, ಹಾರ್ಟ್‌ಫರ್ಡ್‌ಷೈರ್‌ನ ಸ್ಟ್ಯಾನ್‌ಸ್ಟೆಡ್ ಆ್ಯಬಟ್ಸ್ ಕೂಡ ಅಲ್ಲ. ಎಡ್ಮಂಡ್ ಸಂಸಾರ ಆಮೇಲೆ ಹೋಗಿ ನೆಲೆಸಿದ ಬರ್ಕಮ್‌ಸ್ಟೆಡ್ ಇರೋದು ಹಾರ್ಟ್‌ಫರ್ಡ್‌ಷೈರ್‌ನಲ್ಲಿ. ಅನೇಕ ಮರಗಳಲ್ಲಿ 'ಬಕಿಂಗ್‌ಹ್ಯಾಮ್‌ಷೈರ್‌ನ ಬರ್ಕಮ್‌ಸ್ಟೆಡ್‌ನಲ್ಲಿ ಜನನ' ಅಂತಿದೆ. ಜಿಲ್ಲೆಯೂ ತಪ್ಪು, ಜನನಕ್ಕೆ ದಾಖಲೆಯೂ ಇಲ್ಲ. ಇನ್ನು ಸಡ್‌ಬರಿ ಅನ್ನೋ ಊರು ಸಫೊಕ್‌ನಲ್ಲೂ ಇದೆ, ಮ್ಯಾಸಚೂಸೆಟ್ಸ್‌ನಲ್ಲೂ ಇದೆ. ಸಫೊಕ್, ಮಿಡ್ಲ್‌ಸೆಕ್ಸ್, ಎಸೆಕ್ಸ್ ಹೆಸರಿನ ಕೌಂಟಿಗಳು (ಜಿಲ್ಲೆಗಳು) ಸಮುದ್ರದ ಎರಡೂ ದಡದಲ್ಲಿವೆ. ತಂತ್ರಾಂಶ ತಾನಾಗಿ ಊರ ಹೆಸರು ಪೂರ್ತಿ ಮಾಡುವಾಗ ಎಷ್ಟೋ ಸಲ ತಪ್ಪು ದಡಕ್ಕೆ ಎಸೆಯುತ್ತೆ. ಪ್ರತಿ ಊರಿನ ಮುಂದೆ ಕೌಂಟಿ, ದೇಶ ಕೈಯಿಂದಲೇ ಬರೆಯಿರಿ.

ಸೀಬೆಮರ
ಮೇಫ್ಲವರ್ ಹಡಗಲ್ಲಿ ಬಂದಿರಬಹುದಾ? ಪ್ಯೂರಿಟನ್‌ಗಳು ಅದರಲ್ಲೇ ತಾನೇ ಬಂದದ್ದು?

ತುಂಗಾತೀರ
ಅಲ್ಲ ರೀ. ಮೇಫ್ಲವರ್ 1620ರದು, ಸುಮಾರು 102 ಜನ, ಇಳಿದದ್ದು ಪ್ಲಿಮತ್‌ನಲ್ಲಿ. ಅವರಲ್ಲಿ ಧರ್ಮಕ್ಕಾಗಿ ಹೊರಟವರು ಇಂಗ್ಲೆಂಡಿನ ಚರ್ಚಿನಿಂದ ಪೂರ್ತಿ ಬೇರೆಯಾದವರು. ಪ್ಯೂರಿಟನ್‌ಗಳು ಚರ್ಚಿನೊಳಗೇ ಇದ್ದು ಅದನ್ನ ಶುದ್ಧ ಮಾಡಬೇಕು ಅಂದವರು, ಅವರ ದೊಡ್ಡ ವಲಸೆ 1630ರಲ್ಲಿ ಮ್ಯಾಸಚೂಸೆಟ್ಸ್ ಬೇ ವಸಾಹತಿನ ಗವರ್ನರ್ ವಿಂತ್ರಪ್‌ನ ಹಡಗುಗಳೊಂದಿಗೆ ಶುರುವಾಗಿ 1640ಕ್ಕೆ ನಿಂತಿತು. ಒಟ್ಟು ಸುಮಾರು 20,000 ಜನ. ಪ್ಲಿಮತ್ 1691ರ ಸನ್ನದಿನವರೆಗೂ ಬೇರೆ ವಸಾಹತು, ಅದರ ದಾಖಲೆ ಪುಸ್ತಕಗಳೂ ಬೇರೆ. ಎರಡನ್ನ ಕಲಸಿದರೆ ಇಲ್ಲದ ಕಡೆ ಹುಡುಕ್ತಾ ಕೂರಬೇಕಾಗುತ್ತೆ.

ಷರಾ
ಹಡಗಿನ ಪ್ರಶ್ನೆ. ಎಡ್ಮಂಡ್ ಹೆಸರಿರೋ ಪ್ರಯಾಣಿಕರ ಪಟ್ಟಿ ಇಲ್ಲ. 'ಕಾನ್ಫಿಡೆನ್ಸ್' ಅನ್ನೋ ಹಡಗು 1638ರ ಏಪ್ರಿಲ್‌ನಲ್ಲಿ ಸೌತಾಂಪ್ಟನ್‌ನಿಂದ ಹೊರಡೋದಿತ್ತು, ಅದರ ಪಟ್ಟಿ ಉಳಿದಿದೆ, ಅದರಲ್ಲಿ ಆಮೇಲೆ ಸಡ್‌ಬರಿಗೆ ಹೋದ ನಾಯ್ಸ್, ಹೇನ್ಸ್, ಬೆಂಟ್, ಗುಡ್‌ನೌ ಮನೆತನಗಳಿವೆ. ಹಾಗಾಗಿ ಯಾರೋ ರೈಸ್‌ನನ್ನೂ ಅದಕ್ಕೆ ಹತ್ತಿಸಿದ್ದಾರೆ. ಪಟ್ಟಿಯಲ್ಲಿ ಅವನಿಲ್ಲ.

ಹಡಗು ಗೊತ್ತಿಲ್ಲದಿದ್ದರೆ ಎರಡು ಗೂಟ ನೆಡಬೇಕು: ಇಂಗ್ಲೆಂಡಿನಲ್ಲಿ ಕೊನೆಯ ದಾಖಲೆ, ಅಮೆರಿಕದಲ್ಲಿ ಮೊದಲ ದಾಖಲೆ. ಇವನಿಗೆ ಇಂಗ್ಲೆಂಡಿನ ಕೊನೆಯದು ಮಗ ಜೋಸೆಫ್‌ನ ದೀಕ್ಷಾಸ್ನಾನ, ಬರ್ಕಮ್‌ಸ್ಟೆಡ್, 13 ಮಾರ್ಚ್ 1637/8. ಅಮೆರಿಕದ ಮೊದಲನೇದು ಸಡ್‌ಬರಿ ಊರಿನ ಪುಸ್ತಕ, 1639. ನಡುವೆ ಯಾವಾಗಲೋ ದಾಟಿದ. ಇದಕ್ಕಿಂತ ಬಿಗಿಯಾಗಿ ಹೇಳೋಕೆ ಸಾಕ್ಷ್ಯ ಇಲ್ಲ.

ಸೀಬೆಮರ
1637/8 ಅಂದರೆ? 1637ಓ 1638ಓ? ದಾಖಲೆ ಮಾಡಿದವರಿಗೇ ಅನುಮಾನ ಇತ್ತಾ?

ಅಕ್ಷರಜಾಡು
ಅನುಮಾನ ಅಲ್ಲ. ಯುಗಾದಿ ಲೆಕ್ಕ ಗೊತ್ತಿರೋ ನಮಗೆ ಇದು ಕಷ್ಟವಾಗಬಾರದು. ಇಂಗ್ಲೆಂಡಿನಲ್ಲಿ ಮತ್ತು ಅದರ ವಸಾಹತುಗಳಲ್ಲಿ 1752ಕ್ಕೆ ಮೊದಲು ಕಾನೂನಿನ ಹೊಸ ವರ್ಷ ಶುರುವಾಗ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿ, ಮಾರ್ಚ್ 24ರವರೆಗಿನ ದಿನಗಳು ಹಳೇ ವರ್ಷದ ಬಾಲ. ರಿಜಿಸ್ಟರಿನಲ್ಲಿ 1637 ಅಂತ ಬರೆದ ಮಾರ್ಚ್ 13 ನಮ್ಮ ಲೆಕ್ಕಕ್ಕೆ 1638. ಎರಡನ್ನೂ ತೋರಿಸೋಕೆ 1637/8.

ಇದನ್ನ ಮರೆತರೆ ಏನಾಗುತ್ತೆ ಅಂದರೆ, ಜನವರಿಯಲ್ಲಿ ಸತ್ತವನು ಹಿಂದಿನ ಜೂನ್‌ನಲ್ಲಿ ಉಯಿಲು ಬರೆಯೋ ಮೊದಲೇ ಸತ್ತ ಹಾಗೆ ಕಾಣುತ್ತೆ. ಮದುವೆಯಾದ ಮೂರೇ ತಿಂಗಳಿಗೆ ಮಗು ಹುಟ್ಟಿದ ಹಾಗೆ, ಇಲ್ಲ ಮದುವೆಗೆ ಮುಂಚೆಯೇ ಹುಟ್ಟಿದ ಹಾಗೆ ಕಾಣುತ್ತೆ. ಹಾಗೆ ಕಂಡ ಕೂಡಲೇ 'ಇವರು ಬೇರೆ ಜನ' ಅಂತ ತೀರ್ಮಾನಿಸಬೇಡಿ, ಮೊದಲು ವರ್ಷ ನೋಡಿ.

ಜೊತೆಗೆ ಪ್ಯೂರಿಟನ್‌ಗಳು ತಿಂಗಳ ಹೆಸರುಗಳಲ್ಲಿ ಅನ್ಯದೇವತೆಗಳಿದ್ದಾರೆ ಅಂತ ಸಂಖ್ಯೆ ಬಳಸ್ತಿದ್ದರು. ಮಾರ್ಚ್ 1ನೇ ತಿಂಗಳು, ಫೆಬ್ರವರಿ 12ನೇದು. '14ನೇ ದಿನ, 8ನೇ ತಿಂಗಳು, 1641' ಅಂದರೆ ಅಕ್ಟೋಬರ್ 14, ಆಗಸ್ಟ್ ಅಲ್ಲ. ಗಣಕದ ಸೂಚಿಗಳಲ್ಲಿ ಇದನ್ನ ಆಗಸ್ಟ್ ಮಾಡಿರೋ ನಮೂದುಗಳು ರಾಶಿ ರಾಶಿ ಇವೆ. ಮೂಲದ ಚಿತ್ರ ನೋಡದೆ ಸೂಚಿ ನಂಬಬೇಡಿ.

ನಕ್ಷೆಗಾರ
'ಹತ್ತು ದಿನ ಕೂಡಿಸಿ ಸರಿಪಡಿಸಬೇಡಿ' ಅನ್ನೋದನ್ನೂ ಸೇರಿಸಿ. 1752ರಲ್ಲಿ ಕ್ಯಾಲೆಂಡರ್ ಬದಲಾದಾಗ ಸೆಪ್ಟೆಂಬರ್ 2ರ ಮರುದಿನ 14 ಆಯ್ತು ನಿಜ (17ನೇ ಶತಮಾನದಲ್ಲಿ ಆ ವ್ಯತ್ಯಾಸ ಹತ್ತು ದಿನ). ಆದರೆ 17ನೇ ಶತಮಾನದ ದಿನಾಂಕವನ್ನ ದಾಖಲೆಯಲ್ಲಿ ಇದ್ದ ಹಾಗೇ ಬರೆಯೋದು ಪದ್ಧತಿ. ವರ್ಷಕ್ಕೆ ಮಾತ್ರ ಜೋಡಿ ಸಂಖ್ಯೆ.

ಕೋಟೆಬೀದಿ
ಇಷ್ಟೆಲ್ಲ ತಲೆನೋವು ಯಾಕೆ, ಒಂದು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗಿಯಲಿಲ್ಲವಾ?

ಷರಾ
ಮುಗಿಯಲ್ಲ. ಮಾಮೂಲಿ ಎಂಜಲು ಪರೀಕ್ಷೆ ಹತ್ತು ಹನ್ನೆರಡು ತಲೆಮಾರು ಹಿಂದಿನ ಒಬ್ಬ ಮನುಷ್ಯನನ್ನ ಗುರುತಿಸಲ್ಲ. ಹತ್ತು ತಲೆಮಾರು ಮೇಲೆ ಪೂರ್ವಜರ ಸ್ಥಾನ 1024. ಸರಾಸರಿ ಪಾಲು ಸಾವಿರದಲ್ಲಿ ಒಂದು, ಅನೇಕರಿಂದ ಒಂದು ತುಣುಕೂ ಬಂದಿರಲ್ಲ. 'ನಮ್ಮಿಬ್ಬರ ಡಿಎನ್‌ಎ ಹೊಂದಿದೆ, ಇಬ್ಬರ ಮರದಲ್ಲೂ ಎಡ್ಮಂಡ್ ಇದ್ದಾನೆ, ಹಾಗಾಗಿ ಅವನಿಂದಲೇ ಬಂದದ್ದು' ಅನ್ನೋ ವಾದ ನಿಲ್ಲಲ್ಲ. ಹಳೇ ನ್ಯೂ ಇಂಗ್ಲೆಂಡಿನ (ಮ್ಯಾಸಚೂಸೆಟ್ಸ್ ಮತ್ತು ಸುತ್ತಲಿನ ಸೀಮೆ) ಎರಡು ಮನೆತನಗಳ ನಡುವೆ ಇನ್ನೂ ಇಪ್ಪತ್ತು ಕಡೆ ನಂಟಸ್ತಿಕೆ ಇರುತ್ತೆ.

ಕೆಲಸಕ್ಕೆ ಬರೋದು ವೈ ವರ್ಣತಂತು, ಅದು ಗಂಡು ಸಂತಾನದಲ್ಲಿ ಅಪ್ಪನಿಂದ ಮಗನಿಗೆ ಮಾತ್ರ. ಎಡ್ಮಂಡ್‌ನ ಬೇರೆ ಬೇರೆ ಗಂಡು ಮಕ್ಕಳ ಸಂತತಿಯವರನ್ನ ಪರೀಕ್ಷಿಸಿ ಅವನ ವೈ ಗುರುತನ್ನ ಕಟ್ಟಿದ್ದಾರೆ, ಅದು ಐ1 ಅನ್ನೋ ವೈ ಗುಂಪು. ಆ ಮನೆತನದ್ದೇ ಸಂಘ ಇದೆ, ಎಡ್ಮಂಡ್ ರೈಸ್ ಅಸೋಸಿಯೇಷನ್, ಅವರ ಕೆಲಸ. ನಿಮ್ಮ 1840ರ ರೈಸ್‌ನ ನೇರ ಗಂಡು ವಂಶದವರು ಸಿಕ್ಕರೆ ವೈ ವರ್ಣತಂತುವಿನ 37 ಜಾಗ ಹೋಲಿಸೋ ಪರೀಕ್ಷೆಯೂ ಹೌದು ಅಥವಾ ಅಲ್ಲ ಅನ್ನೋಕೆ ಬಹುಮಟ್ಟಿಗೆ ಸಾಕು. ಯಾವ ಮಗನ ಕವಲು ಅಂತ ತಿಳಿಯೋಕೆ ದೊಡ್ಡ ಪರೀಕ್ಷೆ ಬೇಕು.

ಕೋಟೆಬೀದಿ
ಐ1 ಅಂದಮೇಲೆ ವೇಲ್ಸ್ ರಾಜರ ಕಥೆ ಬಿದ್ದುಹೋಯ್ತಲ್ಲ? ವೇಲ್ಸ್‌ನವರು ಬಹುತೇಕ ಆರ್1ಬಿ ಅನ್ನೋ ಇನ್ನೊಂದು ಗುಂಪು.

ಷರಾ
ವಾಲಿತು ಅನ್ನಿ, ಬಿದ್ದುಹೋಯ್ತು ಅನ್ನಬೇಡಿ. 'ಬಹುತೇಕ' ಅನ್ನೋದು ಒಬ್ಬ ಮನುಷ್ಯನ ಬಗ್ಗೆ ಪುರಾವೆ ಆಗಲ್ಲ. ಆ ಕಥೆ ಬೀಳೋದು ಕಾಗದದ ಮೇಲೆ: ಎಡ್ಮಂಡ್‌ನಿಂದ ಒಂದು ಮೆಟ್ಟಿಲು ಮೇಲಕ್ಕೂ ದಾಖಲೆ ಇಲ್ಲ. ಮೊದಲ ಮೆಟ್ಟಿಲೇ ಇಲ್ಲದ ಏಣಿ ಎಷ್ಟು ಎತ್ತರ ಇದ್ದರೇನು?

ಬೆಳವಲ
ಖೊಟ್ಟಿ ವಂಶಾವಳಿ ಮಾಡೂದು ಒಂದು ಕಾಲದಾಗ ದಂಧೆನೇ ಆಗಿತ್ರಿ. ಹೊರೇಷಿಯೋ ಗೇಟ್ಸ್ ಸೊಮರ್‌ಬಿ (1805–1872), ಗುಸ್ತಾವ್ ಆಂಜೂ (1863–1942), ಈ ಎರಡು ಹೆಸರು ಕಂಡ್ರ ಅಲ್ಲೇ ನಿಲ್ರಿ. ಆಂಜೂ ಶ್ರೀಮಂತ ಅಮೆರಿಕನ್ ಮನೆತನಗಳಿಗೆ ರೊಕ್ಕಾ ತೊಗೊಂಡು ವಂಶಾವಳಿ ಬರೆದುಕೊಡ್ತಿದ್ದ. ಅವನ ಕೆಲಸದ ಧಾಟಿ ಹಿಂಗ: ಹತ್ತಾರು ಖರೇ ಉಯಿಲು, ಖರೇ ರಿಜಿಸ್ಟರ್ ಉಲ್ಲೇಖ. ಇಂಗ್ಲೆಂಡಿಗೂ ಅಮೆರಿಕಕ್ಕೂ ಜೋಡ್ಸೂ ಜಾಗಾದಾಗ ಮಾತ್ರ ಹುಡುಕಿದ್ರ ಎಲ್ಲೂ ಸಿಗದ ಒಂದು ಕಾಗದ. ಆದ್ದರಿಂದ ಉಲ್ಲೇಖ ಎಷ್ಟವ ಅಂತ ಎಣಿಸಬ್ಯಾಡ್ರಿ. ಸಮುದ್ರ ದಾಟೂ ಆ ಒಂದು ಕೊಂಡಿಗೆ ಏನು ಆಧಾರ ಕೊಟ್ಟಾರ ಅನ್ನೂದಷ್ಟ ನೋಡ್ರಿ.

ತುಂಗಾತೀರ
ವಿಷಯಾಂತರ: ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಹೆಸರು ಸರಸರ ಹೇಳ್ತಾರಲ್ಲ, ಆ ಥರದವರು ಅಲ್ಲಿ ಇರಲಿಲ್ವಾ?

ಬೆಳವಲ
ವೇಲ್ಸ್‌ನಾಗ ವಂಶಾವಳಿ ಹೇಳೂ ಕವಿಗಳು ಇದ್ರು. ಸಫೊಕ್‌ನ ರೈತಾಪಿ ಮಂದಿಗೆ ಯಾರೂ ಇರಲಿಲ್ಲ. ಅದಕ್ಕ ಅಲ್ಲಿ ಕಾಗದ ಒಂದ ಗತಿ.

ಬಾಸ್ಟನ್_ಕನ್ನಡತಿ
ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಿಜವಾದ ಕೆಲಸ ಇರೋದು ಅಲ್ಲೇ. ಎಲ್ಲರೂ 1638ರ ಕಡೆ ಓಡ್ತಾರೆ. ಮರಗಳು ಮುರಿಯೋದು ಹೆಚ್ಚಾಗಿ 1780ರಿಂದ 1840ರ ನಡುವೆ.

ಕಾರಣ ಇದು. ಅಮೆರಿಕದ ಜನಗಣತಿಯಲ್ಲಿ 1790ರಿಂದ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಕಂಬಸಾಲಲ್ಲಿ ಬರೀ ಸಂಖ್ಯೆ. 1850ರಲ್ಲಿ ಎಲ್ಲರ ಹೆಸರು ಬಂತು, ಆದರೆ ಸಂಬಂಧ ಬರೆದಿಲ್ಲ. ಸಂಬಂಧದ ಕಂಬಸಾಲು 1880ರಲ್ಲಿ ಬಂದದ್ದು. ಅದೇ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ಎರಡನೇ ಮೂರನೇ ಮಕ್ಕಳು ಹೊಲ ಹುಡುಕಿಕೊಂಡು ವರ್ಮಾಂಟ್‌ಗೆ, ಪಶ್ಚಿಮ ನ್ಯೂಯಾರ್ಕ್‌ಗೆ ಹೋದರು. ನ್ಯೂಯಾರ್ಕ್‌ನಲ್ಲಿ ಜನನ ಮರಣ ನೋಂದಣಿ 1880ರ ಸುಮಾರಿನವರೆಗೆ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಒಬ್ಬ ಜಾನ್ ರೈಸ್, ನ್ಯೂಯಾರ್ಕ್‌ನಲ್ಲಿ ಸತ್ತ ಒಬ್ಬ ಜಾನ್ ರೈಸ್, ಇಬ್ಬರೂ ಒಬ್ಬನೇ ಅಂತ ತೋರಿಸೋದೇ ಕಷ್ಟ. ಹೆಸರು ಹೊಂದಿದ ಮಾತ್ರಕ್ಕೆ ಜೋಡಿಸಿದ ಮರಗಳು ಇಲ್ಲೇ ಹಾಳಾಗಿರೋದು.

ಮಾಡಬೇಕಾದ್ದು: ಮೊದಲು 1840ರವನ ಸಾವಿನಿಂದ ಹಿಂದಕ್ಕೆ ಬನ್ನಿ. ಪ್ರೊಬೇಟ್ ಕಡತ (ಸತ್ತವನ ಉಯಿಲು, ಆಸ್ತಿ ಹಂಚಿಕೆಯ ಕೋರ್ಟ್ ಕಾಗದ), ಆಮೇಲೆ ಕ್ರಯಪತ್ರಗಳು. ಹೊಸ ಊರಲ್ಲಿ ಮೊದಲ ಸಲ ಜಮೀನು ಕೊಂಡ ಪತ್ರದಲ್ಲಿ ಕೊಳ್ಳುವವನ ಹಳೇ ಊರು ಬರೆದಿರುತ್ತೆ, 'ವೂಸ್ಟರ್ ಕೌಂಟಿಯ ಇಂಥ ಊರಿನ' ಅಂತ. ಈ ಒಂದು ಸಾಲಿಗಾಗಿ ನೂರು ಪುಟ ಓದಿದರೂ ನಷ್ಟವಿಲ್ಲ. ಅವನೋ ಅವನಪ್ಪನೋ ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಯ ಯುದ್ಧದಲ್ಲಿ ಇದ್ದಿದ್ದರೆ ಪಿಂಚಣಿ ಕಡತ ನೋಡಿ. 1832ರ ಕಾಯ್ದೆಯಡಿ ಅರ್ಜಿ ಹಾಕಿದವರು ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ವಾಸ ಮಾಡಿದೆ ಅಂತ ಪ್ರಮಾಣ ಮಾಡಿ ಹೇಳಿದ್ದಾರೆ. ವಿಧವೆಯರ ಕಡತದಲ್ಲಿ ಮದುವೆ ಸಾಬೀತು ಮಾಡೋಕೆ ಮನೆಯ ಬೈಬಲ್‌ನಿಂದ ಹರಿದು ಕೊಟ್ಟ ಹಾಳೆಗಳೂ ಸಿಗುತ್ತವೆ.

ಕಡತಪ್ರಿಯ
ಇದು ಬಹಳ ಸಹಾಯ ಆಯ್ತು ಮೇಡಂ. ಕ್ರಯಪತ್ರದ ಸೂಚಿಯಲ್ಲಿ ಕೊಟ್ಟವನ, ಕೊಂಡವನ ಹೆಸರು ಮಾತ್ರ ಇರುತ್ತಲ್ಲ. ಸಾಕ್ಷಿಗಳು, ಪಕ್ಕದ ಹೊಲದವರು?

ಬಾಸ್ಟನ್_ಕನ್ನಡತಿ
ಅದಕ್ಕೆ ಈಗ ದಾರಿ ಇದೆ. ಫ್ಯಾಮಿಲಿಸರ್ಚ್ ತಾಣ 2024ರಲ್ಲಿ ಕೈಬರಹವನ್ನ ಗಣಕವೇ ಓದೋ ಪೂರ್ಣಪಠ್ಯ ಹುಡುಕಾಟ ಶುರು ಮಾಡಿತು. ಅಮೆರಿಕದ ಜಮೀನು ಮತ್ತು ಪ್ರೊಬೇಟ್ ದಾಖಲೆಗಳಿಂದಲೇ ಆರಂಭ. ಉಚಿತ, ಖಾತೆ ತೆರೆದರೆ ಸಾಕು. ಸಾಕ್ಷಿ, ಜಾಮೀನುದಾರ, ಗಡಿಯ ನೆರೆಯವನು ಎಲ್ಲ ಸಿಗ್ತಾರೆ. ರೈಸ್ ಅಂತ ಒಂದೇ ಹಾಕಿದರೆ ಅಕ್ಕಿ ವ್ಯಾಪಾರದ ಕಾಗದವೂ ಬರುತ್ತೆ, ಪೂರ್ತಿ ಹೆಸರನ್ನ ಉದ್ಧರಣ ಚಿಹ್ನೆಯೊಳಗೆ ಹಾಕಿ, ಕೌಂಟಿ ಕಟ್ಟಿ. 17ನೇ ಶತಮಾನದ ಬರಹವನ್ನ ಅದು ಅಷ್ಟು ಚೆನ್ನಾಗಿ ಓದಲ್ಲ, ಅಲ್ಲಿ ಪುಟ ಪುಟ ತಿರುವಲೇಬೇಕು.

ನಕ್ಷೆಗಾರ
ಊರು ಒಡೆದದ್ದನ್ನೂ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ತಪ್ಪು ಕಚೇರಿಯಲ್ಲಿ ಹುಡುಕ್ತೀರಿ. ಹಳೇ ಸಡ್‌ಬರಿಯ ಮೊದಲ ವಸತಿ ಇವತ್ತಿನ ವೇಲ್ಯಾಂಡ್‌ನಲ್ಲಿದೆ. 1780ರಲ್ಲಿ ಈಸ್ಟ್ ಸಡ್‌ಬರಿ ಅಂತ ಬೇರೆಯಾಯ್ತು, 1835ರಲ್ಲಿ ವೇಲ್ಯಾಂಡ್ ಅಂತ ಹೆಸರಾಯ್ತು. ಮಾರ್ಲ್‌ಬರೋಗೆ 1656ರಲ್ಲಿ ಅರ್ಜಿ ಹಾಕಿದವರಲ್ಲಿ ಎಡ್ಮಂಡ್ ಕೂಡ ಇದ್ದಾನೆ, ಊರು ಆದದ್ದು 1660. ಮಾರ್ಲ್‌ಬರೋದಿಂದ 1717ರಲ್ಲಿ ವೆಸ್ಟ್‌ಬರೋ ಒಡೆಯಿತು. ವೂಸ್ಟರ್ ಕೌಂಟಿ ಹುಟ್ಟಿದ್ದು 1731. ಅಂದರೆ 1725ರಲ್ಲಿ ವೆಸ್ಟ್‌ಬರೋದಲ್ಲಿ ಸತ್ತವನ ಪ್ರೊಬೇಟ್ ವೂಸ್ಟರ್‌ನಲ್ಲಿ ಇರಲ್ಲ, ಮಿಡ್ಲ್‌ಸೆಕ್ಸ್ ಕೌಂಟಿಯ ಕಡತದಲ್ಲಿರುತ್ತೆ. ಮನುಷ್ಯ ಕೂತಲ್ಲೇ ಕೂತಿರ್ತಾನೆ, ಊರು ಕೌಂಟಿ ಅವನ ಸುತ್ತ ಬದಲಾಗ್ತಿರುತ್ತೆ.

ತುಂಗಾತೀರ
ವೆಸ್ಟ್‌ಬರೋ ಅಂದಾಗ ನೆನಪಾಯ್ತು. 1704ರ ಆಗಸ್ಟ್ 8ಕ್ಕೆ ಅಲ್ಲಿ ಹೊಲದಲ್ಲಿದ್ದ ರೈಸ್ ಮನೆತನದ ಹುಡುಗರ ಮೇಲೆ ಮೋಹಾಕ್ ಅನ್ನೋ ಮೂಲನಿವಾಸಿ ಜನ ದಾಳಿ ಮಾಡಿದರು. ಒಬ್ಬನನ್ನ ಕೊಂದು ಆ್ಯಶರ್, ಆ್ಯಡೊನೈಜಾ, ಸೈಲಸ್, ತಿಮೊಥಿ ನಾಲ್ವರನ್ನ ಕೆನಡಾಕ್ಕೆ ಎತ್ತಿಕೊಂಡು ಹೋದರು. ಎಲ್ಲ ಎಡ್ಮಂಡ್‌ನ ಸಂತತಿ. ಆ್ಯಶರ್ ಮಾತ್ರ ವಾಪಸ್ ಬಂದ. ಸೈಲಸ್, ತಿಮೊಥಿ ಕೆನಡಾದ ಮೋಹಾಕ್ ಊರು ಕಾನಾವಾಕಿಯಲ್ಲಿ ಮೋಹಾಕ್‌ರಾಗಿಯೇ ಬೆಳೆದರು, ಅಲ್ಲೇ ಮದುವೆಯಾದರು. ಅಲ್ಲಿ ರೈಸ್ ಅಡ್ಡಹೆಸರಿನವರು ಇವತ್ತಿಗೂ ಇದ್ದಾರೆ. ತಿಮೊಥಿ 1740ರಲ್ಲಿ ಹುಟ್ಟೂರು ನೋಡೋಕೆ ಬಂದಾಗ ಇಂಗ್ಲಿಷ್ ಮರೆತಿದ್ದ.

ನಕ್ಷೆಗಾರ
ಸರಿ, ಆದರೆ 1704ರಲ್ಲಿ ಅದು ಇನ್ನೂ ಮಾರ್ಲ್‌ಬರೋ. ಆ ಹುಡುಗರ ಜನನ ದಾಖಲೆ ಹುಡುಕೋರು ಅಲ್ಲೇ ನೋಡಬೇಕು.

ಅಕ್ಷರಜಾಡು
ಮ್ಯಾಸಚೂಸೆಟ್ಸ್ ಊರುಗಳ 1850ರವರೆಗಿನ ಜನನ, ಮದುವೆ, ಮರಣ ಪುಸ್ತಕಗಳು ಅಚ್ಚಾಗಿವೆ, ಅಕಾರಾದಿಯಲ್ಲಿ. ಬಳಸೋ ಮೊದಲು ಸಂಕ್ಷೇಪಗಳನ್ನ ಓದಿ. ಏನೂ ಗುರುತಿಲ್ಲದ ನಮೂದು ಊರಿನ ಗುಮಾಸ್ತನ ಪುಸ್ತಕದ್ದು. ಸಿ.ಆರ್. ಅಂದರೆ ಚರ್ಚಿನದು, ಜಿ.ಆರ್. ಸಮಾಧಿ ಕಲ್ಲು, ಪಿ.ಆರ್. ಖಾಸಗಿ ಕಾಗದ. ಮದುವೆ ಭಾಗದಲ್ಲಿ 'ಇಂಟ್.' ಅಂತಿದ್ದರೆ ಮದುವೆಯಾಗೋ ಇರಾದೆ ಸಾರಿದ್ದು ಮಾತ್ರ. ಮದುವೆ ಆಯ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕು.

ಅಕಾರಾದಿ ಮಾಡಿದಾಗ ಒಂದು ದೊಡ್ಡ ಮಾಹಿತಿ ಕಳೆದುಹೋಗುತ್ತೆ, ಮೂಲದಲ್ಲಿ ಯಾವುದರ ಪಕ್ಕ ಯಾವುದಿತ್ತು ಅನ್ನೋದು. ಮೂಲ ಪುಟದಲ್ಲಿ ಒಂದು ಸಂಸಾರದ ಆರು ಮಕ್ಕಳನ್ನ ಒಂದೇ ಶಾಯಿಯಲ್ಲಿ ಒಂದೇ ಸಲ ಬರೆದಿದ್ದರೆ ಅದು ಹೊಸದಾಗಿ ಊರಿಗೆ ಬಂದವರು ಹಿಂದಿನದನ್ನೆಲ್ಲ ಬರೆಸಿದ್ದು. ಆ ಮಕ್ಕಳು ಆ ಊರಲ್ಲಿ ಹುಟ್ಟಿಲ್ಲದೆಯೂ ಇರಬಹುದು.

ಷರಾ
ಚರ್ಚ್ ದಾಖಲೆ ಬಗ್ಗೆ. ವಸಾಹತಿನಲ್ಲಿ ಮದುವೆ ಧಾರ್ಮಿಕ ವಿಧಿ ಆಗಿರಲಿಲ್ಲ, 1686ರವರೆಗೆ ಮ್ಯಾಜಿಸ್ಟ್ರೇಟ್ ಮುಂದೆ ಆಗ್ತಿತ್ತು. ಆದ್ದರಿಂದ ಆ ಕಾಲದ ಮದುವೆಯನ್ನ ಚರ್ಚಿನ ಪುಸ್ತಕದಲ್ಲಿ ಹುಡುಕಬೇಡಿ. ದೀಕ್ಷಾಸ್ನಾನವೂ ಎಲ್ಲ ಮಕ್ಕಳಿಗೂ ಇರಲಿಲ್ಲ, ಅಪ್ಪ ಅಥವಾ ಅಮ್ಮ ಚರ್ಚ್ ಸಭೆಯ ಸದಸ್ಯರಾಗಿರಬೇಕಿತ್ತು. 2 ವರ್ಷದಿಂದ 12 ವರ್ಷದ ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷೆ ಕೊಟ್ಟಿದ್ದರೆ ಅವು ನಾಲ್ವಳಿ ಅಲ್ಲ, ಆ ವಾರ ತಾಯಿಯೋ ತಂದೆಯೋ ಸಭೆಗೆ ಸೇರಿದ್ದಾರೆ ಅಂತ ಅರ್ಥ.

ಹಾಗೇ ಮತದಾನದ ಹಕ್ಕಿನ 'ಫ್ರೀಮನ್' ಪಟ್ಟಿ. ಮ್ಯಾಸಚೂಸೆಟ್ಸ್ ಬೇ ವಸಾಹತಿನಲ್ಲಿ 1631ರಿಂದ ಚರ್ಚ್ ಸದಸ್ಯನಿಗೆ ಮಾತ್ರ ಆ ಹಕ್ಕು. ಎಡ್ಮಂಡ್ ಫ್ರೀಮನ್ ಆದದ್ದು 13 ಮೇ 1640. ಅಂದರೆ ಅದಕ್ಕೂ ಮೊದಲೇ ಸಭೆಯೊಳಗಿದ್ದ. ಸಭೆಯ ಪುಸ್ತಕ ಕಳೆದುಹೋದ ಊರುಗಳಲ್ಲಿ ಈ ಒಂದು ದಿನಾಂಕದಿಂದಲೇ ಸದಸ್ಯತ್ವ ಸಿಗುತ್ತೆ.

ಸೀಬೆಮರ
ಉಯಿಲಲ್ಲಿ 'ನನ್ನ ಕಸಿನ್' ಅಂತ ಬರೆದರೆ ದೊಡ್ಡಪ್ಪನ ಮಗನೋ ಸೋದರಮಾವನ ಮಗನೋ?

ಅಕ್ಷರಜಾಡು
ಎರಡೂ ಅಲ್ಲದೆ ಇರಬಹುದು! 17ನೇ ಶತಮಾನದಲ್ಲಿ ಆ ಪದಕ್ಕೆ ಸೋದರಳಿಯ, ಅಣ್ಣನ ಮಗ, ಮೊಮ್ಮಗನವರೆಗೂ ವಿಸ್ತಾರ ಇತ್ತು. 'ಸನ್ ಇನ್ ಲಾ' ಅಂದರೆ ಅಳಿಯನೂ ಆಗಬಹುದು, ಹೆಂಡತಿಯ ಮೊದಲ ಗಂಡನ ಮಗನೂ ಆಗಬಹುದು. 'ಮದರ್ ಇನ್ ಲಾ' ಮಲತಾಯಿಯೂ ಆಗಬಹುದು. 'ಬ್ರದರ್' ಅಣ್ಣ, ಭಾವ, ಷಡ್ಡಕ, ಇಲ್ಲ ಬರೀ ಚರ್ಚಿನ ಸಹೋದರ. ಸೀನಿಯರ್ ಜೂನಿಯರ್ ಅಂದರೆ ಅಪ್ಪ ಮಗ ಅಂತಲ್ಲ, ಒಂದೇ ಊರಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯ ಅಷ್ಟೇ, ಹಿರಿಯ ಸತ್ತ ಕೂಡಲೇ ಕಿರಿಯ 'ಸೀನಿಯರ್' ಆಗ್ತಾನೆ. ಹಾಗಾಗಿ ಒಂದೇ ಬಿರುದು ಎರಡು ದಶಕದಲ್ಲಿ ಇಬ್ಬರಿಗೆ ಅಂಟಿರುತ್ತೆ. 'ನನ್ನ ಈಗಿನ ಹೆಂಡತಿ' ಅಂದರೆ ಮೊದಲು ಇನ್ನೊಬ್ಬಳಿದ್ದಳು ಅಂತ ಅರ್ಥ ಅಲ್ಲ, ತಾನು ಸತ್ತಮೇಲೆ ಇವಳಿಗೇ ಸಲ್ಲಬೇಕು ಅನ್ನೋ ಕಾನೂನಿನ ಮಾತು.

ಬೆಳವಲ
ಉಯಿಲ ಇಲ್ದ ಸತ್ರ ಇನ್ನೂ ಚಲೋ, ಲೆಕ್ಕ ಸಿಗ್ತದ. ಆಗಿನ ಮ್ಯಾಸಚೂಸೆಟ್ಸ್ ಕಾನೂನಿನಾಗ ವಿಧವಾಗ ಮೂರನೇ ಒಂದು ಪಾಲು. ಉಳಿದದ್ದರಾಗ ಹಿರೇ ಮಗಗ ಎರಡು ಪಾಲು, ಉಳಿದ ಗಂಡು ಹೆಣ್ಣು ಮಕ್ಕಳಿಗೆಲ್ಲ ಒಂದೊಂದು. ಬೈಬಲ್ಲಿನ ಹಳೇ ಒಡಂಬಡಿಕೆಯಿಂದ ಬಂದ ನಿಯಮ. ಎಂಟು ಮಕ್ಕಳಿದ್ರ ಒಂಬತ್ತು ಪಾಲು. ಮುಂದ ಯಾವನೋ ಒಬ್ಬ 'ಅಪ್ಪನ ಆಸ್ತಿಯ ಒಂಬತ್ತರಾಗ ಒಂದು ಪಾಲು' ಮಾರಿದ ಪತ್ರ ಸಿಕ್ರ ಎಂಟು ವಾರಸುದಾರರು ಇದ್ರು, ಮಾರಿದಾಂವ ಹಿರ್ಯಾ ಅಲ್ಲ, ಎರಡೂ ತಿಳೀತದ. ನಿಮ್ಮ ಮರದಾಗ ಆರೇ ಮಕ್ಕಳಿದ್ರ ಇನ್ನಿಬ್ಬರನ್ನ ಹುಡುಕ್ರಿ. ಲಗ್ನ ಆದ ಹೆಣ್ಣುಮಕ್ಕಳು ಹೆಚ್ಚಾಗಿ ಇಂಥ ಪತ್ರದಾಗ ಗಂಡನ ಹೆಸರಿನ ಜೋಡಿ ಸಿಗ್ತಾರ.

ಕೋಟೆಬೀದಿ
ಇಂಗ್ಲೆಂಡ್ ಕಡೆ ಅಪ್ಪನ ಹುಡುಕಾಟ ಬಿಟ್ಟೇ ಬಿಡೋದಾ ಹಾಗಾದರೆ?

ಷರಾ
ಬಿಡೋದು ಯಾಕೆ? ದಾರಿ ಇದೆ, ನಿಧಾನ ಅಷ್ಟೇ. ಪ್ಯಾರಿಷ್ ರಿಜಿಸ್ಟರ್ (ಊರ ಚರ್ಚಿನ ದೀಕ್ಷೆ, ಮದುವೆ, ಸಮಾಧಿಯ ಪುಸ್ತಕ) ಶುರುವಾದದ್ದು 1538ರಲ್ಲಿ. 1598ರ ಆಜ್ಞೆ ಆದಮೇಲೆ ಹಳೇದನ್ನ ಚರ್ಮದ ಹಾಳೆಗೆ ನಕಲು ಮಾಡಿದರು, ಅನೇಕ ಕಡೆ 1558ರಿಂದ ಮಾತ್ರ. ಅದೇ ಹೊತ್ತಿಗೆ ಪ್ರತಿ ವರ್ಷದ ನಕಲು ಬಿಷಪ್‌ಗೆ ಕಳಿಸೋದು ಶುರುವಾಯ್ತು. ರಿಜಿಸ್ಟರ್ ಹಾಳಾಗಿದ್ದರೆ ಆ ನಕಲು ನೋಡಿ. ಸ್ಟ್ಯಾನ್‌ಸ್ಟೆಡ್ ಸುತ್ತ ಹತ್ತು ಹದಿನೈದು ಮೈಲಿ ಒಳಗಿನ ಎಲ್ಲ ಪ್ಯಾರಿಷ್‌ಗಳನ್ನ ಪಟ್ಟಿ ಮಾಡಿ, ರೈಸ್, ರೈಸ್‌ಗೆ ಹತ್ತಿರದ ಎಲ್ಲ ಕಾಗುಣಿತ, 1585ರಿಂದ 1600. ಆಮೇಲೆ ಉಯಿಲುಗಳು, ಸಣ್ಣ ರೈತರದು ಚರ್ಚಿನ ಸ್ಥಳೀಯ ಆರ್ಚ್‌ಡೀಕನ್ ಕೋರ್ಟಿನಲ್ಲಿ, ಸ್ಥಿತಿವಂತರದು ಕ್ಯಾಂಟರ್ಬರಿ ಕೋರ್ಟಿನಲ್ಲಿ. ಎರಡನೇದರ ಉಯಿಲುಗಳು ಕ್ಯೂ ಊರಿನ ರಾಷ್ಟ್ರೀಯ ದಾಖಲಾಗಾರದಲ್ಲಿವೆ.

ಎಡ್ಮಂಡ್ ಅನ್ನೋ ಹೆಸರು ಸಿಕ್ಕ ಕೂಡಲೇ ಕುಣಿಯಬೇಡಿ. ಅವನು ಅಲ್ಲೇ ಸತ್ತನಾ, ಅಲ್ಲೇ ಮದುವೆಯಾಗಿ 1640ರ ನಂತರವೂ ಮಕ್ಕಳಿಗೆ ದೀಕ್ಷೆ ಕೊಡಿಸಿದನಾ ಅಂತ ಮುಂದಕ್ಕೂ ಓದಿ ತಳ್ಳಿಹಾಕಬೇಕು. ಸಮಾಧಿ ಪುಟ ನೋಡದೆ ಜೋಡಿಸಿದ 'ಪೂರ್ವಜರು' ಎಷ್ಟೋ ಜನ ಮೂರು ತಿಂಗಳ ಕೂಸಾಗಿಯೇ ಮಣ್ಣಾದವರು. ಒಂದು ಎಚ್ಚರ: 1642ರಿಂದ 1660ರವರೆಗೆ ಅಂತರ್ಯುದ್ಧ ಮತ್ತು ಆಮೇಲಿನ ಆಡಳಿತದಲ್ಲಿ ರಿಜಿಸ್ಟರ್‌ಗಳು ಕೆಟ್ಟಿವೆ. ಆ ಅವಧಿಯಲ್ಲಿ ಹೆಸರು ಕಾಣಲಿಲ್ಲ ಅಂದರೆ ವಲಸೆ ಹೋದ ಅಂತ ಅಲ್ಲ.

ಬಾಸ್ಟನ್_ಕನ್ನಡತಿ
ಅಪ್ಪನ ಕಡೆ ಗೋಡೆ ಬಂತು ಅಂತ ಕೂರುವ ಬದಲು ಥಾಮಸಿನ್ ಕಡೆ ನೋಡಿ. ಅವಳ ತಂದೆ ಎಡ್ವರ್ಡ್ ಫ್ರಾಸ್ಟ್, ತಾಯಿ ಥಾಮಸಿನ್ ಬೆಲ್‌ಗ್ರೇವ್. ಅದಕ್ಕೆ ದಾಖಲೆಗಳಿವೆ. ಅವಳು 1654ರ ಜೂನ್ 13ಕ್ಕೆ ಸಡ್‌ಬರಿಯಲ್ಲಿ ತೀರಿಕೊಂಡಳು. ಎಡ್ಮಂಡ್ ಮಾರನೇ ವರ್ಷ ವಿಧವೆ ಮರ್ಸಿ ಬ್ರಿಗಮ್‌ಳನ್ನ ಮದುವೆಯಾದ. ಹಾಗಾಗಿ ಮೊದಲ ಹೆಂಡತಿಯ ಮಕ್ಕಳಿಗೆ ಮಾತ್ರ ಫ್ರಾಸ್ಟ್ ರಕ್ತ. 1655ರ ನಂತರ ಹುಟ್ಟಿದ ಹೆಣ್ಣುಮಕ್ಕಳನ್ನ ಥಾಮಸಿನ್‌ಗೆ ಅಂಟಿಸಿದ ಮರಗಳನ್ನೂ ನೋಡಬಹುದು. ವಂಶ ಅಂದರೆ ಅಡ್ಡಹೆಸರು ಅಂತ ಹಿಡಿದು ಕೂತರೆ ಸಾಬೀತಾದ ಅರ್ಧವನ್ನ ಬಿಟ್ಟು ಸಾಬೀತಾಗದ ಅರ್ಧದ ಹಿಂದೆ ಹೋದ ಹಾಗೆ.

ಕೋಟೆಬೀದಿ
ಒಪ್ಪಿದೆ. ಆದರೂ ಅಡ್ಡಹೆಸರು ಇರೋ ವಂಶಕ್ಕೇ ಜನ ಮೊದಲು ಕೈ ಹಾಕೋದು, ದಾಖಲೆ ಸೂಚಿಗಳೂ ಹಾಗೇ ಮಾಡಿರೋದು.

ಕಡತಪ್ರಿಯ
ಹಳೇ ಕೈಬರಹ ಓದೋಕೆ ಸುಲಭದ ದಾರಿ ಇದೆಯಾ? ಸಫೊಕ್‌ನ ಒಂದು ಉಯಿಲಿನ ಚಿತ್ರದಲ್ಲಿ ಮೊದಲ ಸಾಲೇ ಅರ್ಥವಾಗ್ತಿಲ್ಲ.

ಅಕ್ಷರಜಾಡು
ಅದು ಸೆಕ್ರೆಟರಿ ಹ್ಯಾಂಡ್, ಆ ಕಾಲದ ಇಂಗ್ಲಿಷ್ ಕೈಬರಹದ ಶೈಲಿ. ಮೋಡಿ ಕಾಗದ ಓದಿದವರಿಗೆ ಗೊತ್ತು, ಅಕ್ಷರ ಅಕ್ಷರ ಹಿಡಿದರೆ ಬರಲ್ಲ, ವಾಡಿಕೆಯ ವಾಕ್ಯದಿಂದ ಶುರು ಮಾಡಬೇಕು. ಉಯಿಲಿನ ಮೊದಲ ಸಾಲು ಬಹುತೇಕ 'ದೇವರ ಹೆಸರಿನಲ್ಲಿ, ಆಮೆನ್'. ಅದರಿಂದ ಆ ಬರಹಗಾರನ ಅಕ್ಷರಗಳ ಪಟ್ಟಿ ಮಾಡಿಕೊಳ್ಳಿ. ಸಿ ಅಕ್ಷರ ಆರ್ ಥರ ಕಾಣುತ್ತೆ, ಇ ಹಿಂದುಮುಂದು, ಎಚ್‌ನ ಬಾಲ ಗೆರೆ ಕೆಳಗೆ ಇಳಿಯುತ್ತೆ, ಯು ಮತ್ತು ವಿ, ಐ ಮತ್ತು ಜೆ ಅದಲು ಬದಲು. ಊರ ಹೆಸರು, ಮಕ್ಕಳ ಹೆಸರು ಕೊನೆಗೆ ಓದಿ. ಊಹೆ ಮಾಡಿದ ಅಕ್ಷರವನ್ನ ಚೌಕ ಆವರಣದಲ್ಲಿ ಇಡಿ, ನಾಳೆ ನೀವೇ ಅದನ್ನ ಮೂಲ ಅಂತ ತಿಳಿಯಬಾರದು.

ಕಡತಪ್ರಿಯ
ಸರಿ. ರಾಜವಂಶದ ಏಳು ತಲೆಮಾರು ಅಳಿಸಿದೆ, ಅಪ್ಪನ ಜಾಗ ಖಾಲಿ ಬಿಟ್ಟೆ, ಹೆನ್ರಿಯನ್ನ ಎಲಿಜಬೆತ್ ಫ್ರಾಸ್ಟ್‌ನ ಗಂಡ ಅಂತ ಪಕ್ಕಕ್ಕೆ ಕೂರಿಸಿದೆ. 1840ರವನ ಕ್ರಯಪತ್ರದಿಂದ ಶುರು ಮಾಡ್ತೀನಿ. ಅವನು 1846ರಲ್ಲಿ ಸತ್ತಿದ್ದಾನೆ, ಸೂಚಿಯನ್ನ ಆ ವರ್ಷದವರೆಗೆ ನೋಡಿದರೆ ಸಾಕಲ್ವಾ?

ಬಾಸ್ಟನ್_ಕನ್ನಡತಿ
ಸಾಕಾಗಲ್ಲ. ಪತ್ರ ಬರೆದ ದಿನ ಬೇರೆ, ನೋಂದಣಿಯಾದ ದಿನ ಬೇರೆ. ಪೆಟ್ಟಿಗೆಯಲ್ಲಿಟ್ಟ ಪತ್ರವನ್ನ ಮಕ್ಕಳು ಜಮೀನು ಮಾರುವಾಗ ತಂದು ನೋಂದಾಯಿಸಿದ್ದು ಬೇಕಾದಷ್ಟಿದೆ. 1876ರವರೆಗಾದರೂ ನೋಡಿ, ಕೊಟ್ಟವರ ಸೂಚಿ, ಕೊಂಡವರ ಸೂಚಿ ಎರಡನ್ನೂ.